ನೀಲಿ ಮಣಿಯ ಓಲೆ

ಸೊಸೆಗೆ ಮಾವನ ಆಶೀರ್ವಾದ.

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಭಾನುವಾರ ನಾನು ಬರುವ ಮೊದಲು, ನಾನು ಮಾಡಿಕೊಟ್ಟ ಆ ನೀಲಿ ಮಣಿಯ ಓಲೆಗಳನ್ನು ಬಿಚ್ಚಿಡು.

ಇವತ್ತು ಒಡವೆ ಮಾಡುವ ತರಗತಿಯಲ್ಲಿ ಮೇಡಂ ಹೊಸ ಪಾಠ ಹೇಳಿದರು. ಕಿವಿಯೊಳಗೆ ಹೋಗುವ ತಂತಿಯ ತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕಂತೆ. ಆಮೇಲೆ ಹತ್ತಿಯ ಮೇಲೆ ಎಳೆದು ನೋಡಬೇಕು. ಒಂದು ಎಳೆ ಸಿಕ್ಕಿಕೊಂಡರೂ ಅದನ್ನು ಯಾರ ಕಿವಿಗೂ ಹಾಕಬಾರದು. ನಿನ್ನದರ ಜತೆಗೇ ಮಾಡಿದ್ದ ಇನ್ನೊಂದು ಓಲೆಯನ್ನು ಎಳೆದು ನೋಡಿದೆ. ಹತ್ತಿಯ ಉಂಡೆಯೇ ಎದ್ದು ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿನ್ನ ಕಷ್ಟ ನನಗೆ ಗೊತ್ತಾದದ್ದು ಇವತ್ತೇ ಎಂದು ಬರೆಯಲು ಕೂತಿದ್ದೆ. ಅದು ಸುಳ್ಳು. ಸದಾ ತುರುಬು ಕಟ್ಟುತ್ತಿದ್ದವಳು ಈಚೆಗೆ ಕೂದಲಿನಿಂದ ಕಿವಿ ಮುಚ್ಚಿಕೊಳ್ಳುವುದನ್ನು ನೋಡಿದ್ದೆ. ಹೋದ ವಾರ ನಿಮ್ಮ ಮನೆಯ ಮೆಟ್ಟಿಲಿಳಿಯುವಾಗ ಮೊಮ್ಮಗಳ ಮಾತೂ ಕೇಳಿಸಿತ್ತು: "ಅಮ್ಮಾ, ತಾತ ಹೋದ್ರು, ಓಲೆ ಬಿಚ್ಚು. ಮತ್ತೆ ರಕ್ತ ಬರ್ತಿದೆ."

ನಾನು ಕೇಳಿಸದವನ ಹಾಗೆ ಇಳಿದುಬಂದೆ. "ಎಷ್ಟು ಚೆನ್ನಾಗಿದೆ ಮಾವ" ಎಂದು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿತ್ತು. ಈ ವಯಸ್ಸಿನಲ್ಲಿ ನನ್ನ ಕೈಕೆಲಸವನ್ನು ಬೇರೆ ಯಾರು ಹೊಗಳುತ್ತಾರೆ, ಹೇಳು.

ನಾಳೆಯೇ ಡಾಕ್ಟರಿಗೆ ತೋರಿಸು. ನನ್ನ ಮಗ ಕೇಳಿದರೆ ತಪ್ಪು ಯಾರದೆಂದು ಮುಚ್ಚಿಡಬೇಡ.

ಹೆಣ್ಣುಮಕ್ಕಳು ಬರಿಗಿವಿಯಲ್ಲಿ ಇರಬಾರದೆಂದು ಗದರುತ್ತಿದ್ದವನೂ ನಾನೇ. ಭಾನುವಾರ ತುರುಬು ಕಟ್ಟಿಕೊಂಡು, ಬರಿಗಿವಿಯಲ್ಲಿ ಬಾಗಿಲು ತೆಗೆ. ನಾನು ನೋಡಬೇಕು.

ಇತಿ,
ನಿನ್ನ ಮಾವ