ಗುಜರಿಗೆ ಮುನ್ನ ಸ್ನಾನ

ಅಪ್ಪಾ,

ಹೆಫೇಯ್ ನಗರದಲ್ಲಿ ನಾನು ಕೆಲಸ ಮಾಡುವ ಗುಜರಿಗೆ ಇಂದು ಕುವಾಂಗ್ ಎಂಬ ಮುದುಕರು ತಮ್ಮ ಪೆಟ್ರೋಲ್ ಟ್ಯಾಕ್ಸಿ ಒಪ್ಪಿಸಲು ಬಂದರು. ಮೊದಲು ಬಕೆಟ್ ಕೇಳಿ, ಗಾಡಿ ತೊಳೆಯತೊಡಗಿದರು.

"ಅಜ್ಜಾ, ಜಜ್ಜೋ ಗಾಡಿಗೆ ಯಾಕೆ ಸೋಪು?" ಅಂದೆ.

"ಇಷ್ಟು ವರ್ಷ ಅನ್ನ ಹಾಕಿದೆ ಕಣೋ. ಕೊಳಕು ಮೈಲೇ ಕಳಿಸ್ಲಾ, ತಲೆಹರಟೆ?"

ಆಮೇಲೆ ಕನ್ನಡಿಗೆ ಕಟ್ಟಿದ್ದ ರಕ್ಷೆಯ ಕೆಂಪು ಗೊಂಡೆ ಬಿಚ್ಚಿ, ಬದಲಿಗೆ ಕೊಂಡ ಹೊಸ ಕರೆಂಟ್ ಕಾರಿಗೆ ಕಟ್ಟಲೆಂದು ತೆಗೆದುಕೊಂಡು ಹೋದರು.

ನಮ್ಮ ತೋಫು ಮಾರುವ ವ್ಯಾನ್ ಗುಜರಿಗೆ ಕೊಡಲೋ ಬೇಡವೋ ಎಂದು ಕೇಳಿದ್ದೀರಿ. ಶಾಲೆ ಬಿಟ್ಟ ನನ್ನ ಮಾತಾದರೂ ಸುಳ್ಳಲ್ಲ: ಕೊಟ್ಟುಬಿಡಿ. ಅದರ ಹೊಗೆ ನಿಮ್ಮ ಕೆಮ್ಮಿಗೆ ಆಗುವುದಿಲ್ಲ. ಆದರೆ ಇಲ್ಲಿಗೇ ತನ್ನಿ. ಅಮ್ಮ ಕಟ್ಟಿದ್ದ ಗೊಂಡೆ ನೀವೇ ಬಿಚ್ಚಿಕೊಳ್ಳಿ.

ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಹೋಗಬೇಕು. ವ್ಯಾನ್ ತೊಳೆಯುವುದು ನನಗಿರಲಿ.

ಶೂಖಾಯ್