ಎಕ್ಕೆಹಾಳಕ್ಕೆ ಹೋದ ಬ್ಯಾರಿಕೇಡ್‌ಗಳು

ಹುಣಸಿಬಾವಿ
೧೬ ನವೆಂಬರ್ ೨೦೨೪, ಶನಿವಾರ

ಮಗಳೇ ಪಂಚಶೀಲಾ,

ಊಟ ಆಯಿತೇ ಎಂದರೆ ಹೂಂ ಅನ್ನುತ್ತೀ, ನಿದ್ದೆ ಆಯಿತೇ ಎಂದರೂ ಹೂಂ ಅನ್ನುತ್ತೀ. ಆದ್ದರಿಂದ ಎರಡನ್ನೂ ಕೇಳುವುದಿಲ್ಲ. ಗುರುವಾರ ಫೋನಿನಲ್ಲಿ ನಮ್ಮ ಶಾಲೆಯ ಮುಂದಿನ ಬ್ಯಾರಿಕೇಡ್‌ಗಳ ಮಾತು ತೆಗೆದಾಗ, "ಅದು ಇಲಾಖೆ ವಿಷಯ ಅವ್ವಾ, ನಿನಗ ತಿಳಿಯಂಗಿಲ್ಲ," ಎಂದು ಫೋನ್ ಇಟ್ಟುಬಿಟ್ಟೆ. ತಿಳಿಯುವುದಿಲ್ಲ ಎಂದವರ ಮುಂದೆ ತಿಳಿದುಕೊಂಡು ನಿಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಕೇಳಾಡಿ ತಿಳಿದದ್ದನ್ನೆಲ್ಲ ಬರೆಯುತ್ತಿದ್ದೇನೆ. ಪತ್ರದಲ್ಲಾದರೆ ನನ್ನ ಮಾತನ್ನು ನಡುವೆ ಕತ್ತರಿಸಲು ನಿನಗೆ ಬರುವುದಿಲ್ಲ.

ಶಾಲೆ ರಸ್ತೆಗೆ ಎಷ್ಟು ಅಂಟಿಕೊಂಡಿದೆ ಎಂದು ನಿನಗೆ ಹೇಳಬೇಕಿಲ್ಲ, ಅಲ್ಲೇ ಓದಿದವಳು. ಸುಗ್ಗಿ ಬಂತೆಂದರೆ ಭತ್ತದ ಲಾರಿಗಳು ಸುರಪುರದ ಕಡೆಯಿಂದ ಶಹಾಪುರದ ಕಡೆಗೆ ಉಸಿರು ಬಿಡದೆ ಓಡುತ್ತವೆ. ಹೋದ ವರ್ಷ ನಮ್ಮೂರ ಠಾಣೆಯವರು ಗೇಟಿನ ಆಚೆಗೊಂದು ಈಚೆಗೊಂದು ಕಬ್ಬಿಣದ ಬ್ಯಾರಿಕೇಡ್ ಅಡ್ಡ ನಿಲ್ಲಿಸಿದ್ದರು. ಲಾರಿಗಳು ಅಲ್ಲಿ ಬಂದು ಮೈ ತಿರುಗಿಸಿ ಮೆಲ್ಲಗೆ ಹೋಗುತ್ತಿದ್ದವು. ಈ ಸಲದ ಗಣೇಶನ ಮೆರವಣಿಗೆಯ ಬಂದೋಬಸ್ತಿಗೆಂದು ನಿಮ್ಮ ಎಕ್ಕೆಹಾಳ ಠಾಣೆಯವರು ಅವೆರಡನ್ನೂ ಎರವಲು ಒಯ್ದರು. ನೀನಿನ್ನೂ ಅಲ್ಲಿಗೆ ಪಿಎಸ್‌ಐ ಆಗಿ ಬಂದಿರಲಿಲ್ಲ. ಗಣೇಶ ನೀರಿಗೆ ಹೋದ, ಬ್ಯಾರಿಕೇಡ್ ಮರಳಿ ಬರಲಿಲ್ಲ. ಕಳೆದ ಸೋಮವಾರ ನಾಲ್ಕನೆಯ ಇಯತ್ತೆಯ ಫರ್ಹತ ರಸ್ತೆ ದಾಟುವಾಗ ಲಾರಿ ತಾಗಿ ಬಿದ್ದಳು. ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಕಾಲು ಸರಿಹೋಗುತ್ತದೆ ಎಂದರು ಡಾಕ್ಟರು. ಮುಂದೆ ಬೀಳುವ ಮಗುವಿನ ಬಗ್ಗೆ ಅವರೇನೂ ಹೇಳಲಿಲ್ಲ.

ಇಲಾಖೆಗೆ ಅಷ್ಟು ಕೋಟಿ, ಇಷ್ಟು ಕೋಟಿ ಅನುದಾನವೆಂದು ಪೇಪರಿನಲ್ಲಿ ಓದುತ್ತಲೇ ಇರುತ್ತೇನೆ. ಆ ಕೋಟಿ ನಮ್ಮಂಥ ಊರಿನ ಠಾಣೆಗೆ ಯಾವ ರೂಪದಲ್ಲಿ ಬಂದು ಮುಟ್ಟುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ನಮ್ಮ ಠಾಣೆಯ ಹವಾಲ್ದಾರ ಗುರಪ್ಪನನ್ನು ಕೇಳಿದೆ. ನನ್ನ ಹತ್ತಿರ ಮಗ್ಗಿ ಕಲಿತವನು, ಈಗಲೂ ನನ್ನ ಮುಂದೆ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ. "ಜೀಪ್ ಬರ್ತದ್ರಿ, ಡೀಸೆಲ್ ಬರ್ತದ, ಲಾಠಿ ಬರ್ತದ. ಬ್ಯಾರಿಕೇಡ್ ಎಲ್ಲಿಂದ ಬರಬೇಕ್ರಿ ಟೀಚರ್? ಊರಾಗಿನ ಸಾವ್ಕಾರ್ರು ನಮ್ಮ ಮಾರಿ ನೋಡಿ ಕೊಡ್ತಾರ," ಎಂದ. ಹಾಗಾದರೆ ವಾಪಸು ಕೊಡಿ ಎಂದು ಎಕ್ಕೆಹಾಳಕ್ಕೆ ಒಂದು ಪತ್ರ ಬರೆಯಬಾರದೇನೋ ಎಂದೆ. ನಕ್ಕುಬಿಟ್ಟ. "ದಾನ ಬಂದ ಮಾಲ್ರೀ ಅದು, ನಮ್ಮ ದಫ್ತರದಾಗ ಹತ್ತೇ ಇಲ್ಲ. ಇಲ್ಲದ್ದು ಕಳದದ ಅಂತ ಹೆಂಗ ಬರೀಲಿ?"

ದಾನ ಕೊಟ್ಟ ಅಬ್ದುಲ್ ಕರೀಮರ ಕಬ್ಬಿಣದ ಅಂಗಡಿಗೆ ಹೋದೆ. ಅವೆರಡರ ಮೇಲೂ ಅವರ ಅಂಗಡಿಯ ಹೆಸರು ಕೆಂಪು ಬಣ್ಣದಲ್ಲಿ, "ಪೊಲೀಸ್" ಎಂಬುದಕ್ಕಿಂತ ದೊಡ್ಡದಾಗಿ ಬರೆದಿರುವುದನ್ನು ನೀನೂ ನೋಡಿರಬೇಕು. ನಿಮ್ಮ ಮಾಲು ಪರವೂರಲ್ಲಿದೆ, ನೀವೇ ಕೇಳಬಾರದೇ ಎಂದೆ. ಮೊದಲು ಚಹಾ ತರಿಸಿದರು. ಆಮೇಲೆ ದನಿ ತಗ್ಗಿಸಿ, "ಟೀಚರ್, ಸಚ್ ಹೇಳ್ಲೇನ್ರಿ? ಇಲ್ಲಿ ನನ್ನ ಹೆಸರು ನಾಯಿಗೂ ಗೊತ್ತದ. ಅವು ಎಕ್ಕೆಹಾಳ ಠಾಣೆಗೆ ಹೋದ ಮ್ಯಾಲ ಹೆಸರು ಓದಿ ಆ ಕಡಿಂದನೂ ಗಿರಾಕಿ ಬರಾಕತ್ತಾರ. ನಾ ಯಾಕ ಕೇಳ್ಲಿ?" ಎಂದರು. ಫರ್ಹತಳ ಕಾಲಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. ಆಮೇಲೆ ಇನ್ನೊಂದು ಮಾತನ್ನೂ ಆಡಿದರು. ಅದು ಈಗ ಬೇಡ.

ನಿಮ್ಮ ಠಾಣೆಯ ಜೀಪಿನ ಹೆಚ್ಚುವರಿ ಚಕ್ರ, ಆ ಸ್ಟೆಪ್ನಿಯ ಸಂಗತಿ ತಿಳಿದದ್ದು ಮಾತ್ರ ತೀರ ಅಕಸ್ಮಾತ್ತಾಗಿ. ನಮ್ಮ ಠಾಣೆಯ ಹಿಂದಿನ ಗೋಡೆಗೆ ಒಂದು ಜೀಪಿನ ಚಕ್ರ ಒರಗಿಸಿದೆ. ಅದರೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಇದು ಯಾರದಪ್ಪಾ ಎಂದೆ. ಗುರಪ್ಪ ಕೋಳಿಯನ್ನೇ ನೋಡುತ್ತ, "ಎಕ್ಕೆಹಾಳದ್ದು," ಎಂದ. ಬೇಸಿಗೆಯಲ್ಲಿ ಕಾಲುವೆಯ ಹತ್ತಿರ ನಮ್ಮ ಜೀಪಿನ ಟೈರು ಒಡೆದಾಗ ನಿಮ್ಮವರು ತಮ್ಮ ಸ್ಟೆಪ್ನಿ ಕೊಟ್ಟು ಕಳಿಸಿದರಂತೆ. ಆಮೇಲೆ ನಮಗೆ ಹೊಸ ಟೈರು ಮಂಜೂರಾಗಿ ಬಂತು. ಸ್ಟೆಪ್ನಿ ಮಾತ್ರ ಇಲ್ಲೇ ಉಳಿಯಿತು. ಬ್ಯಾರಿಕೇಡ್ ಬಂದ ಮೇಲೆ ಕೊಟ್ಟರಾಯಿತೆಂದು ಇವರು, ಸ್ಟೆಪ್ನಿ ಬಂದ ಮೇಲೆ ಕೊಟ್ಟರಾಯಿತೆಂದು ಅವರು. ಸ್ಟೆಪ್ನಿ ಸರ್ಕಾರದ್ದು, ಇನ್ನೊಂದು ಠಾಣೆಗೆ ಬಾಯಿಮಾತಿನ ಮೇಲೆ ಕೊಡುವ ಹಾಗಿಲ್ಲ. ಆದ್ದರಿಂದ ನಿಮ್ಮವರೂ ಬರೆದು ಕೇಳುವಂತಿಲ್ಲ. ಒಂದು ವಸ್ತು ದಾಖಲೆಯ ಪ್ರಕಾರ ಇಲ್ಲವೇ ಇಲ್ಲ, ಇನ್ನೊಂದು ದಾಖಲೆಯ ಪ್ರಕಾರ ಎಲ್ಲಿಗೂ ಹೋಗಿಯೇ ಇಲ್ಲ. ಇಷ್ಟು ದಿನ ಪಾಠ ಹೇಳಿದ್ದೇನೆ, ಇಂಥ ಲೆಕ್ಕ ನೋಡಿರಲಿಲ್ಲ.

ಕಷ್ಟದಲ್ಲಿ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡೇ ಎರಡೂ ಠಾಣೆ ನಡೆದಿವೆ. ಅದು ನನಗೆ ಹಿಡಿಸಿತು. ಹಿಂದಿರುಗಿಸುವಾಗ ಮಾತ್ರ ಬೀಗರ ಮನೆಯ ಮರ್ಯಾದೆ ಏಕೆ ಬರುತ್ತದೆ? ಮೊದಲು ಹೊಸ್ತಿಲು ದಾಟಿದವರು ಸಣ್ಣವರಾಗುತ್ತಾರೆಯೇ? ಮೊದಲ ಹೆಜ್ಜೆ ಇಟ್ಟರೆ ಹೊಸ ಮೇಡಂ ಮೆತ್ತಗಿದ್ದಾರೆ ಅಂದಾರು ಎಂದು ನಿನಗೆ ಯಾರೋ ಹೇಳಿದ್ದಾರೆ, ಅಲ್ಲವೇ? ಇದು ನನ್ನ ಊಹೆ. ಸುಳ್ಳಾದರೆ ಸಂತೋಷ. ನಿನ್ನ ಹೆಗಲ ಮೇಲಿನ ನಕ್ಷತ್ರ ನೋಡಿ ಊರಿಗೆಲ್ಲ ಪೇಢೆ ಹಂಚಿದವಳು ನಾನು, ಅದರ ಮಾನ ನನಗೂ ಬೇಕು. ಆದರೆ ಕನಕ ಜಯಂತಿಯ ರಜೆ ಕಳೆದು ಮಂಗಳವಾರ ಶಾಲೆ ತೆರೆಯುತ್ತದೆ. ಗೇಟಿನಲ್ಲಿ ಕೋಲು ಹಿಡಿದು ಲಾರಿಗೆ ಅಡ್ಡ ನಿಲ್ಲುವುದು ನನ್ನ ಮೊಣಕಾಲಿಗೆ ಇನ್ನು ಆಗುವುದಿಲ್ಲ.

ಜೋಳದ ಹಿಟ್ಟು ಕಳಿಸುತ್ತೇನೆ. ಸಿಟ್ಟಿನಲ್ಲಿ ಹೊಟ್ಟೆ ಕಾಯಿಸಬೇಡ.

ನಿನ್ನ ಅವ್ವ,
ಹಣಮಮ್ಮ

ತಾ.ಕ.: ಈ ಸಾಲುಗಳನ್ನು ಭಾನುವಾರ ಮಧ್ಯಾಹ್ನ ನಿನ್ನ ಠಾಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತು ಬಂದೋಬಸ್ತಿಗೆ ಯಾದಗಿರಿಗೆ ಹೋಗುವೆ ಎಂದು ನೀನೇ ಹೇಳಿದ್ದೆ. ಅಂದು ಕರೀಮರು ಆಡಿದ ಇನ್ನೊಂದು ಮಾತು, "ಗಾಡಿ ನಾ ಕೊಡ್ತೀನಿ, ಯಾವ ದಿನ ಅಂತ ನೀವು ಹೇಳ್ರಿ" ಎಂಬುದು. ಕೋಳಿಯನ್ನು ಬುಟ್ಟಿಗೆ ಸರಿಸಿ ಸ್ಟೆಪ್ನಿಯನ್ನು ಗಾಡಿಗೆ ಏರಿಸಿಕೊಟ್ಟವನು ಗುರಪ್ಪ. ಅವನ ಸಾಹೇಬರು ಆಗ ಗೋಡೆಯ ಕ್ಯಾಲೆಂಡರ್ ಬಹಳ ಹೊತ್ತು ನೋಡುತ್ತಿದ್ದರು. ನಿಮ್ಮ ಸ್ಟೆಪ್ನಿ ಈಗ ನಿನ್ನ ಬಾಗಿಲ ಬದಿಗಿದೆ. ಬ್ಯಾರಿಕೇಡ್ ಎರಡೂ ನಮ್ಮ ಗಾಡಿಯಲ್ಲಿವೆ. ಪಹರೆಯಲ್ಲಿದ್ದ ನಿನ್ನ ಬಸಲಿಂಗ ಹಗ್ಗ ಬಿಗಿಯುವುದಕ್ಕೆ ಕೈಜೋಡಿಸಿದ. ಬಿಗಿದಾದ ಮೇಲೆ ಹೆದರಿಕೆ ಹತ್ತಿ, "ಅವ್ವಾರ, ಮೇಡಂ ಕೇಳಿದ್ರ ಏನಂತ ಹೇಳ್ಲಿರಿ?" ಎಂದ. "ಅವ್ವ ಒಯ್ದಾಳ ಅಂತ ಹೇಳು," ಎಂದೆ. "ಕಳ್ಳತನದ ಕೇಸು ಹಾಕೋದಾದ್ರ ಎಕ್ಕೆಹಾಳದಾಗ ಹಾಕಬೇಕೋ ಹುಣಸಿಬಾವ್ಯಾಗ ಹಾಕಬೇಕೋ, ಎರಡೂ ಠಾಣೆಯವ್ರು ಮೊದ್ಲ ಒಂದ್ಕಡಿ ಕುಂತು ಮಾತಾಡ್ಲಿ. ಚಹಾ ನಾ ಕಾಸ್ತೀನಿ."