ಅಂಚಿನ ಎರಡು ಕಚ್ಚು

ಗಣಿ ಎಣಿಕೆಯ ಇನ್ನೂರ ಹನ್ನೊಂದನೇ ವರ್ಷ, ಹದಿನಾಲ್ಕನೇ ತಿಂಗಳು, ಮೂವತ್ತೆಂಟನೇ ತಾರೀಖು.

ಗಾಜಿನ ಬಟ್ಟಲಿನಲ್ಲಿ ಜೀವಕೋಶಗಳಿಗೆ ಮಿಂಚುಹುಳದ ಬೆಳಕನ್ನು ಹಾಕಿ ನೋಡುತ್ತಿರುವ ಹಿರಿಯರಿಗೆ, ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಈ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಿಮಗಿಂತ ಎಷ್ಟೋ ತಲೆಮಾರು ಆಮೇಲೆ ಹುಟ್ಟಿ ನೆಲದ ಕೆಳಗಿರುವ ನಾವು ಪಾಳಿಯ ಮೇಲೆ ದಿನ ಎಣಿಸುತ್ತೇವೆ. ಕೆಲವು ಮಾತು ನಿಮಗೆ ಹೊಸದೆನಿಸಿದರೆ ತಪ್ಪು ನನ್ನದು. ನಾನು ಓದಿದ್ದು ನಾಲ್ಕನೇ ತರಗತಿ, ಅದೂ ಪೂರ್ತಿ ಅಲ್ಲ. ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದು ನಿಮಗೆ ತಲುಪುತ್ತದೋ ಇಲ್ಲವೋ ಎಂಬುದು ಒಂದು ಚಿಂತೆ, ತಲುಪಿದರೆ ನಗುತ್ತೀರೋ ಏನೋ ಎಂಬುದು ಇನ್ನೊಂದು.

ನಾನು ಕತ್ತಲೆ ಕಾಯುವವಳು. ರಾಯಚೂರು ಸೀಮೆಯ ಒಂದು ಹಳೆಯ ಚಿನ್ನದ ಗಣಿಯಲ್ಲಿ, ಬಿಸಿಲಿನ ಒಂದು ಎಳೆಯೂ ಇಳಿಯದ ಆಳದಲ್ಲಿ ನಮ್ಮ ನೋಡುವ ಮನೆ ಇದೆ. ನೀವು ಕೋಶಗಳೊಳಗೆ ಇಟ್ಟ ಆ ಬೆಳಕಿಗೆ ನಾವು ಮಿಣುಕಿ ಎನ್ನುತ್ತೇವೆ. ಹೊರಗಿನ ದೀಪ ಅದಕ್ಕೆ ಬೇಕಿಲ್ಲ, ಒಂದು ಚಿಟಿಕೆ ಪುಡಿ ಹಾಕಿದರೆ ತಾನೇ ಬೆಳಗುತ್ತದೆ. ಆದರೆ ಆ ಬೆಳಕು ಬಲು ಸಣ್ಣದು. ಅದನ್ನು ಎಣಿಸುವ ಯಂತ್ರಗಳು ನಿಂತು ಎರಡು ತಲೆಮಾರಾಯಿತು, ರಿಪೇರಿ ಬಲ್ಲವರು ಉಳಿದಿಲ್ಲ. ಹಾಗಾಗಿ ನಮ್ಮ ಕಣ್ಣೇ ಯಂತ್ರ. ಪಾಳಿಗೆ ಮೊದಲು ಒಂದು ಗಂಟೆ ಸುಮ್ಮನೆ ಕತ್ತಲೆಯಲ್ಲಿ ಕೂತು ಕಣ್ಣನ್ನು ಹದ ಮಾಡಿಕೊಳ್ಳುತ್ತೇವೆ. ರೊಟ್ಟಿಯನ್ನೂ ಅಲ್ಲೇ ತಡವಿಕೊಂಡು ತಿನ್ನುವುದು. ಮೇಲೆ ಯಾರಿಗಾದರೂ ಕಾಯಿಲೆಯಾದರೆ ಅವರ ಮೈಯಿಂದ ಸಾಸಿವೆಯಷ್ಟು ಮಾಂಸ ತೆಗೆದು ಬಟ್ಟಲುಗಳಲ್ಲಿ ಬೆಳೆಸಿ ಕೆಳಗೆ ಕಳಿಸುತ್ತಾರೆ. ಔಷಧವನ್ನು ಮೊದಲು ಬಟ್ಟಲಿಗೆ ಹಾಕಿ, ಬೆಳಕು ನೋಡಿ, ಆಮೇಲೆ ಮನುಷ್ಯರಿಗೆ ಕೊಡುವುದು ನಮ್ಮ ಪದ್ಧತಿ.

ಮಿಣುಕಿಯಲ್ಲಿ ಎರಡು ಜಾತಿ. ಜೀವಮಿಣುಕಿ ಕೋಶಕ್ಕೆ ತ್ರಾಣ ಇರುವವರೆಗೆ ಬೆಳಗುತ್ತದೆ, ಹೆಚ್ಚು ಬೆಳಗಿದಷ್ಟೂ ಒಳ್ಳೆಯದು. ನೋವುಮಿಣುಕಿ ಇದಕ್ಕೆ ತದ್ವಿರುದ್ಧ. ಕೋಶ ಸುಖವಾಗಿದ್ದರೆ ಮಂಕಾಗಿರುತ್ತದೆ. ಕೋಶದ ಗೋಡೆ ಒಡೆದು ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ ಭಗ್ಗೆಂದು ಉರಿದು, ತುಸು ಹೊತ್ತಿಗೆ ಪೂರಾ ಆರುತ್ತದೆ. ಒಂದು ಹಸಿರು, ಒಂದು ನೀಲಿ ಎಂದು ಮೇಲಿನವರು ಹೇಳುತ್ತಾರೆ. ಅಷ್ಟು ಸಣ್ಣ ಬೆಳಕಿನಲ್ಲಿ ಮನುಷ್ಯರ ಕಣ್ಣಿಗೆ ಬಣ್ಣ ಕಾಣುವುದಿಲ್ಲ, ಎರಡೂ ಬೂದಿಯೇ. ಅದಕ್ಕೇ ಬಟ್ಟಲಿನ ಅಂಚಿನಲ್ಲಿ ಕಚ್ಚು ಹಾಕಿರುತ್ತಾರೆ: ಜೀವಕ್ಕೆ ಒಂದು, ನೋವಿಗೆ ಎರಡು. ಮೊದಲು ಹೆಬ್ಬೆರಳಿನಿಂದ ಅಂಚು ಮುಟ್ಟು, ಆಮೇಲೆ ಕಣ್ಣು ಬಿಡು. ನಮಗೆ ಕಲಿಸುವ ಮೊದಲ ಪಾಠ ಇದು. ತನ್ನವರ ಬಟ್ಟಲನ್ನು ತಾನು ನೋಡಬಾರದು ಎಂಬುದು ಎರಡನೆಯದು.

ನನಗಿದ್ದವಳು ಒಬ್ಬಳೇ, ಅಕ್ಕ ಗದ್ದೆಮ್ಮ. ನಾನು ಬಾಗಿಲು ಹಾಕಿ ಮೂರು ಸಲ ಎಳೆದು ನೋಡುವವಳು, ನೀರು ಕುದಿದರೂ ಇನ್ನೊಮ್ಮೆ ಕುದಿಸುವವಳು. ಅವಳಿಗೆ ಅದೇ ತಮಾಷೆ. “ನಿನ್ನ ಹೆದರಿಕಿ ನೋಡಿ ಕತ್ತಲಿಗೇ ಬ್ಯಾಸರ ಬರ್ತೈತಿ ಬಿಡಬೇ,” ಎಂದು ನಗುತ್ತಿದ್ದಳು. ಕಳೆದ ವರ್ಷ ಅವಳ ಲಿವರ್ ಕೆಟ್ಟು ಕಣ್ಣು ಹಳದಿಯಾದವು. ಮೂರು ಔಷಧ, ಮೂರು ಬಟ್ಟಲು ಕೆಳಗೆ ಬಂದವು. ಔಷಧ ಕೊಡುವ ಮೌನೇಶಣ್ಣ ಮೇಲಿನಿಂದ ಮಾತಿನ ಕೊಳವೆಯಲ್ಲಿ ಕೂಗಿದ: “ಹುಲಿಗೆವ್ವ, ಇದು ನಿಮ್ಮ ಅಕ್ಕಂದು. ನೀ ನೋಡಬ್ಯಾಡ. ನಾಳೆ ಸಾಬವ್ವ ಪಾಳಿಗೆ ಬರ್ತಾಳ, ಆಕಿ ನೋಡ್ಲಿ.”

“ನಾಳಿತನಕ ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲಣ್ಣ. ನಾಳಿಗೆ ಆಕಿ ಇದ್ದರ?”

ಅವನು ಮತ್ತೆ ತಡೆಯಲಿಲ್ಲ. “ಹುಷಾರವ್ವ ಮತ್ತ,” ಎಂದ.

ಮೊದಲ ಬಟ್ಟಲು ಮಂಕು. ಎರಡನೆಯದೂ ಮಂಕು. ಎರಡೂ ಔಷಧ ಸೋತವು ಎಂದುಕೊಂಡೆ. ಮೂರನೆಯದಕ್ಕೆ ಔಷಧ ಬಿಟ್ಟು ಪುಡಿ ಹಾಕಿದೆ ನೋಡಿ, ಅಕ್ಕ ಎದ್ದು ಕೂತಳೇನೋ ಎಂಬಂತೆ ಬೆಳಕು ಉಕ್ಕಿ ಬಂತು. ಆ ಬೆಳಕಿನಲ್ಲಿ ನನ್ನ ಉಗುರು ನನಗೆ ಕಂಡಿತು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಹಾಗೆ ಕಂಡಿರಲಿಲ್ಲ. ಕೊಳವೆಗೆ ಬಾಯಿಟ್ಟು, “ಮೂರನೇದು ಕೊಡಣ್ಣ, ಮೂರನೇದು!” ಎಂದು ಅಳುತ್ತಾ ಕೂಗಿದೆ.

ಎಲ್ಲವನ್ನೂ ಮೂರು ಸಲ ನೋಡುವ ನಾನು ಆವತ್ತು ಅಂಚನ್ನು ಒಂದು ಸಲವೂ ಮುಟ್ಟಿರಲಿಲ್ಲ.

ತೊಟ್ಟಿಲಲ್ಲಿ ಕೂತು ಮೇಲೇರುವಾಗ ಅದು ನೆನಪಾಯಿತು. ತೊಟ್ಟಿಲು ಎಂದರೆ ನಮ್ಮನ್ನು ಏರಿಸಿ ಇಳಿಸುವ ಕಬ್ಬಿಣದ ಪೆಟ್ಟಿಗೆ. ಅರ್ಧದಲ್ಲಿ ಅದು ತಿರುಗುವುದಿಲ್ಲ. ಮೇಲೆ ಮುಟ್ಟಿದ ಮೇಲೆಯೇ ಇಳಿಯಬೇಕು. ಮೇಲೆ ಮೌನೇಶಣ್ಣನ ಹತ್ತಿರ ಓಡಿದ್ದರೆ ಔಷಧ ತಡೆಯಬಹುದಿತ್ತೇ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ನಾನು ಓಡಲಿಲ್ಲ, ಖಾತ್ರಿ ಮಾಡಿಕೊಳ್ಳಲು ಮತ್ತೆ ಕೆಳಗಿಳಿದೆ. ಮೂರನೇ ಬಟ್ಟಲು ಪೂರಾ ಆರಿತ್ತು. ಹೆಬ್ಬೆರಳಿಗೆ ಒಂದು ಕಚ್ಚು ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನೊಂದು. ಉಳಿದೆರಡಕ್ಕೂ ಎರಡೆರಡೇ. ಮಂಕಾಗಿದ್ದವೇ ಅಕ್ಕನಿಗೆ ಒಗ್ಗುವ ಔಷಧಗಳಾಗಿದ್ದವು. ಕೊಳವೆಯಲ್ಲಿ ಕೂಗಿದಾಗ ಮೌನೇಶಣ್ಣ, “ಕೊಟ್ಟೆನಲ್ಲವ್ವ, ಆಗಲೇ ಕೊಟ್ಟೆ,” ಎಂದ. ಅಕ್ಕ ಆರು ದಿನ ಇದ್ದಳು. ಆರು ದಿನವೂ ನನ್ನ ಕೈ ಹಿಡಿದುಕೊಂಡು, “ಬಾಗಿಲ ಹಾಕೀದಿಲ್ಲ?” ಎಂದು ಚೇಷ್ಟೆ ಮಾಡಿದಳು. ನನ್ನ ತಪ್ಪನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಈಗ ಸಾಬವ್ವ ನನ್ನ ಜೊತೆ ಕೂರುವುದಿಲ್ಲ. ಮೌನೇಶಣ್ಣ ಕೊಳವೆಯಲ್ಲಿ ಕೆಲಸದ ಮಾತಷ್ಟೇ ಆಡುತ್ತಾನೆ. ಔಷಧ ಹಾಕದೆ ಮೇಲೆ ಬೆಳೆಸಿಟ್ಟಿದ್ದ ಅಕ್ಕನ ಕೋಶಗಳ ಒಂದು ಜೀವಮಿಣುಕಿ ಬಟ್ಟಲು ನನ್ನ ಹತ್ತಿರ ಉಳಿದಿದೆ. ಒಂದು ವರ್ಷ ಇಟ್ಟುಕೊಳ್ಳಬಹುದು ಎಂದು ನಿಯಮ. ದಿನಾ ಬೆಲ್ಲದ ನೀರಿನಂಥ ಆಹಾರ ಕೊಟ್ಟು, ಚಿಟಿಕೆ ಪುಡಿ ಹಾಕಿ, ಎದುರಿಗೆ ಕೂರುತ್ತೇನೆ. ನಾಳೆಗೆ ವರ್ಷ ತುಂಬುತ್ತದೆ, ಮೇಲಿನವರು ಬಂದು ಒಯ್ಯುತ್ತಾರೆ.

ಹಿರಿಯರೇ, ನಿಮ್ಮ ಕೆಲಸ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಈ ಬೆಳಕಿನಿಂದ ಬದುಕಿದ ನೂರಾರು ಜನ ಮೇಲೆ ಬಿಸಿಲಲ್ಲಿ ಓಡಾಡುತ್ತಿದ್ದಾರೆ. ಒಂದೇ ಬೇಡಿಕೆ. ಸಾಯುವ ಕೋಶದ ಬೆಳಕು ಬದುಕುವ ಕೋಶದ ಬೆಳಕಿನಂತೆ ಇರದ ಹಾಗೆ ಮಾಡಿ. ಒಂದು ಮಿಟುಕಲಿ, ಇನ್ನೊಂದು ನೆಟ್ಟಗೆ ನಿಲ್ಲಲಿ, ಏನಾದರೂ ಮಾಡಿ. ನಿಮ್ಮ ಬೆಳಕನ್ನು ಮುಂದೆ ನೋಡುವವರು ನಿಮ್ಮಷ್ಟು ಓದಿದವರಾಗಿರುವುದಿಲ್ಲ, ಅವರ ಎದುರಿಗಿರುವುದು ಅವರ ಅಕ್ಕನೇ ಆಗಿರಬಹುದು.

ಪುಡಿ ನಿನ್ನೆಯೇ ಮುಗಿಯಿತು. ಬಟ್ಟಲು ಕತ್ತಲೆಯಾಗಿದೆ, ಆದರೆ ಅಕ್ಕನ ಕೋಶಗಳು ಅದರೊಳಗೆ ಇನ್ನೂ ಬದುಕಿವೆ, ಪುಡಿ ಇಲ್ಲದ್ದಕ್ಕೆ ಕಾಣುವುದಿಲ್ಲ ಅಷ್ಟೆ. ಅವರು ಬರುವವರೆಗೆ ಅಂಚಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತಿರುತ್ತೇನೆ. ಒಂದೇ ಕಚ್ಚು. ಮೂರು ಸಲ ಮುಟ್ಟಿ ನೋಡಿದೆ.

ಇಂತಿ,
ಗದ್ದೆಮ್ಮನ ತಂಗಿ ಹುಲಿಗೆಮ್ಮ